ಹುಬ್ಬು ಗಂಟಿಕ್ಕಿದ ಕಾರು

ನನ್ನ ಗಂಡ ತೀರಿಕೊಂಡ ಆರನೇ ವಾರ, ಎದುರು ಮನೆಯ ಔಷಧಿ ಅಂಗಡಿಯವರು ಬಂದು ನಮ್ಮ ಕಾರಿನ ಮೇಲೆ ದೂರು ಹೇಳಿದರು. ಅದು ತಮ್ಮನ್ನು ದುರುಗುಟ್ಟಿಕೊಂಡು ನೋಡುತ್ತದೆ ಎಂದು. ಬಹಳ ಸಂಕೋಚದಿಂದಲೇ ಹೇಳಿದರು. ಅವರ ಊಟದ ಮೇಜು ಕಿಟಕಿಯ ಪಕ್ಕದಲ್ಲಿದೆಯಂತೆ. ತುತ್ತು ಎತ್ತಿದರೆ ಎದುರಿಗೆ ನಮ್ಮ ಕಾರು, ಗಂಟಲಲ್ಲಿ ಇಳಿಯುವುದಿಲ್ಲವಂತೆ. ಅವನಿದ್ದಾಗ ಅದು ತಮಾಷೆಯಾಗಿತ್ತು, ಈಗ ಹಾಗನ್ನಿಸುವುದಿಲ್ಲ ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಎರಡು ವರ್ಷದ ಹಿಂದೆ ನನ್ನ ಗಂಡ ಹೆಡ್‌ಲೈಟುಗಳನ್ನು ಮನೆಯಲ್ಲೇ ಬಿಚ್ಚಿ, ಗಾಜಿನ ಒಳಗಡೆ ಕಪ್ಪು ಬಣ್ಣದಲ್ಲಿ ಎರಡು ಓರೆ ಹುಬ್ಬು ಬರೆದಿದ್ದ. ಅದಕ್ಕೆ ಮೊದಲು ಕಾರಿಗೆ ಮುಖವೇ ಇರಲಿಲ್ಲ. ಆಮೇಲೆ ಅದು ಯಾರ ಮೇಲೋ ಹಲ್ಲು ಮಸೆಯುತ್ತಿರುವ ಹಾಗೆ ಕಾಣತೊಡಗಿತು. ಅವನು ಮಾತ್ರ, ಬಲಗಣ್ಣಿನ ರೆಪ್ಪೆ ಸದಾ ತುಸು ಇಳಿದಿರುತ್ತಿದ್ದ ಮನುಷ್ಯ, ಯಾರ ಮೇಲೂ ಸಿಟ್ಟಾದವನಲ್ಲ. ಸತ್ತದ್ದೂ ಆಫೀಸಿನ ಲಿಫ್ಟಿನಲ್ಲಿ, ಯಾರಿಗೂ ತೊಂದರೆ ಕೊಡದೆ, ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ.

ಔಷಧಿ ಅಂಗಡಿಯವರು ಹೋದ ಮೇಲೆ ಅತ್ತೆ, ಇನ್ನು ಆ ಕಾರು ಗೇಟು ದಾಟಕೂಡದು ಎಂದರು. ಸಾವಾದ ಮನೆಯಿಂದ ಅಂಥ ಮುಖ ಹೊತ್ತುಕೊಂಡು ಯಾರಾದರೂ ಹೊರಗೆ ಹೋಗುತ್ತಾರೆಯೇ ಎಂದು ಕೇಳಿದರು.

ನನಗೆ ಸೋಮವಾರ ಕೆಲಸಕ್ಕೆ ಹೋಗಬೇಕಿತ್ತು. ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದೇನೆ. ಅದು ಊರಾಚೆ ಜಲಾಶಯದ ದಂಡೆಯ ಮೇಲಿದೆ, ಅಲ್ಲಿಗೆ ಬಸ್ಸಿಲ್ಲ. ಸೋಮವಾರ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಮೇಲಧಿಕಾರಿ ಎರಡು ಸಲ ಹೇಳಿದ್ದರು. ಆ ಕೆಲಸ ಹೋದರೆ ನನಗೆ ಉಳಿಯುವುದು ಮುಂದಿನ ಕೋಣೆಯ ಸೋಫಾ, ಮತ್ತು ಬಂದವರಿಗೆಲ್ಲ ಲಿಫ್ಟಿನ ಕಥೆ ಹೇಳುವುದು. ಅದು ನನಗೆ ಆಗಲೇ ಬಾಯಿಪಾಠವಾಗಿತ್ತು.

ಹುಬ್ಬಿನ ಮೇಲೆ ಬಿಳಿ ಟೇಪು ಅಂಟಿಸಿಕೊಂಡು ಹೋಗುತ್ತೇನೆ ಎಂದೆ. ಅಂಟಿಸಿಯೂ ನೋಡಿದೆವು. ಕಾರನ್ನು ಯಾರೋ ಚೆನ್ನಾಗಿ ಹೊಡೆದು ಕಳಿಸಿದ ಹಾಗಿತ್ತು.

ಹಾಗಾದರೆ ಮತ್ತೆ ಬಿಚ್ಚಿ ಹೊಸ ಮುಖ ಮಾಡೋಣ ಎಂದವರು ಮಾವ. ಅವರು ಮೂವತ್ತೆಂಟು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಮದುವೆ ಗಿದುವೆ ಅಲ್ಲ, ಪಾಸ್‌ಪೋರ್ಟಿಗೆ, ಗುರುತಿನ ಚೀಟಿಗೆ ಬೇಕಾದ ಫೋಟೋ ಮಾತ್ರ. ಊರಿನ ಅರ್ಧ ಜನರ ಗದ್ದ ಹಿಡಿದು ಮುಖ ನೆಟ್ಟಗೆ ಮಾಡಿದ ಕೈ ಅದು. ಯಾವ ಮುಖವನ್ನು ಕಚೇರಿಯವರು ಒಪ್ಪುತ್ತಾರೆ, ಯಾವುದನ್ನು ಹಿಂದಕ್ಕೆ ಕಳಿಸುತ್ತಾರೆ ಎಂಬುದು ಅವರಿಗೆ ಕಂಠಗತ.

ಎಂಥ ಮುಖ ಎಂಬ ಚರ್ಚೆ ಶುಕ್ರವಾರವಿಡೀ ನಡೆಯಿತು. ಕಾರು ದುಃಖದಲ್ಲಿರಬೇಕು ಎಂದು ಅತ್ತೆಯ ವಾದ. ದುಃಖದ ಮುಖ ಒಂದು ವಾರಕ್ಕೆ ಸರಿ, ಆಮೇಲೆ ಜನ ನಟನೆ ಅನ್ನುತ್ತಾರೆ ಎಂದು ಮಾವನ ವಾದ. ಫೋನಿನಲ್ಲಿ ನಾದಿನಿ, ಸ್ವಲ್ಪ ನಗುವ ಹಾಗಿದ್ದರೆ ಏನಾಯಿತು ಎಂದಳು. ಇಬ್ಬರೂ ಅವಳೊಂದಿಗೆ ಸಂಜೆಯವರೆಗೆ ಮಾತು ಬಿಟ್ಟರು.

"ನಗಬಾರದು, ಅಳಬಾರದು," ಎಂದು ಮಾವ ತೀರ್ಮಾನ ಹೇಳಿದರು. "ಯಾರೋ ಹೆಸರು ಕೂಗ್ತಾರೆ ಅಂತ ಕಾಯ್ತಾ ಕೂತಿರ್ತಾರಲ್ಲ, ಆ ಮುಖ. ಅದನ್ನ ಯಾರೂ ತಪ್ಪು ಅನ್ನಲ್ಲ."

ಹೋದ ಸಲ ಟಾರ್ಚು ಹಿಡಿದು ನಿಂತವಳು ನಾನೇ ಆದ್ದರಿಂದ ಕೆಲಸದ ಕ್ರಮ ನನಗೆ ಗೊತ್ತಿತ್ತು. ಶನಿವಾರ ಬೆಳಿಗ್ಗೆ ಬಂಪರ್ ಕಳಚಿದೆ. ಕಾರು ಹಲ್ಲಿನ ಸೆಟ್ಟು ತೆಗೆದಿಟ್ಟ ಅಜ್ಜನಂತಾಯಿತು. ಹೆಡ್‌ಲೈಟುಗಳನ್ನು ಬಿಚ್ಚಿ, ಬಲ್ಬು ತೆಗೆದು, ಅಡುಗೆಮನೆಗೆ ತಂದೆ. ಗಾಜನ್ನು ಹಿಡಿದಿರುವ ಅಂಟು ಬಿಸಿಗೆ ಮೆತ್ತಗಾಗಬೇಕು, ಅದಕ್ಕೆ ಅತ್ತೆಯ ಓವನ್ ಬೇಕು. ನೂರು ಡಿಗ್ರಿ, ಹತ್ತು ನಿಮಿಷ ಎಂದೆ. ಅಷ್ಟರಲ್ಲಿ ಏನು ಬೇಯುತ್ತದೆ ಎಂದು ಅವರಿಗೆ ತಾತ್ಸಾರ. ತಟ್ಟೆಗೆ ಬೆಣ್ಣೆ ಸವರಲು ಹೊರಟಿದ್ದರು, ತಡೆದೆ. ಆರನೇ ನಿಮಿಷಕ್ಕೆ ಓವನ್ ಬಾಗಿಲು ತೆರೆದು ಅಂಚಿಗೆ ಹೆಣಿಗೆ ಕಡ್ಡಿ ಚುಚ್ಚಿ ನೋಡಿ, ಇನ್ನೂ ಹಸಿ ಎಂದು ಮುಚ್ಚಿದರು.

ಗಾಜು ಬಿಟ್ಟುಕೊಂಡ ಮೇಲೆ, ಬೆಳಕು ಚಿಮ್ಮಿಸುವ ಒಳಗಿನ ಬೆಳ್ಳಿ ಬಣ್ಣದ ಬಟ್ಟಲಿಗೆ ಬೆರಳು ತಾಗಬಾರದು, ಗುರುತು ಉಳಿಯುತ್ತದೆ. ಔಷಧಿ ಅಂಗಡಿಯವರು ಒಂದು ಡಬ್ಬಿ ಕೈಗವಸು ತಂದುಕೊಟ್ಟರು. ಕೊಟ್ಟವರು ಹೋಗಲಿಲ್ಲ, ತಾವೂ ಒಂದು ಜೊತೆ ತೊಟ್ಟು ಬಲ್ಬು ಹಿಡಿದುಕೊಂಡು ಮಧ್ಯಾಹ್ನದವರೆಗೆ ನಿಂತರು. ಆಪರೇಷನ್ ಕೋಣೆಯಲ್ಲಿದ್ದಂತೆ ಎಲ್ಲರೂ ಪಿಸುಮಾತಿನಲ್ಲಿ ಮಾತಾಡಿದೆವು.

ಹುಬ್ಬುಗಳನ್ನು ಥಿನ್ನರಿನಲ್ಲಿ ಒರೆಸಿದವಳು ನಾನು. ಹತ್ತಿ ಕಪ್ಪಾಯಿತು. ಎಸೆದೆ.

ಮಾವ ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಫೋಟೋ ಕತ್ತರಿಸುವ ಬ್ಲೇಡಿನಲ್ಲಿ ರೆಪ್ಪೆಯ ಅಚ್ಚು ಕತ್ತರಿಸಿದರು. ಅದನ್ನಿಟ್ಟು ಬೂದು ಬಣ್ಣ ಹೊಡೆದೆವು. ಒಣಗಿದ ಮೇಲೆ ಹೊಸ ಅಂಟು ಹಾಕಿ, ಇನ್ನೊಮ್ಮೆ ಬೇಯಿಸಿ, ಗಾಜು ಒತ್ತಿ, ಸುತ್ತಲೂ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದೆವು. ಭಾನುವಾರ ಮಧ್ಯಾಹ್ನ ಕಾರಿಗೆ ಜೋಡಿಸಿ, ನೋಡಲು ಗೇಟಿನ ಹತ್ತಿರ ಹೋಗಿ ನಿಂತೆವು.

ಬಲಗಣ್ಣಿನ ರೆಪ್ಪೆ ಕೂದಲೆಳೆಯಷ್ಟು ಕೆಳಗಿತ್ತು.

ಎದುರು ಮನೆಯ ಕಿಟಕಿಯಲ್ಲಿ ಔಷಧಿ ಅಂಗಡಿಯವರು ಊಟದ ನಡುವೆ ತಲೆ ಎತ್ತಿ ನೋಡಿ, ಅಭ್ಯಾಸಬಲದಿಂದ ಕಾರಿಗೆ ಕೈ ಎತ್ತಿದರು. ಎತ್ತಿದ ಕೈ ಇಳಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಯಾರ ಫೋಟೋ ಇಟ್ಕೊಂಡು ಕತ್ತರಿಸಿದ್ರಿ?" ಎಂದು ಅತ್ತೆ ಕೇಳಿದರು.

"ಸರಿಯಾಗಿ ಬಂದಿರೋದು ಅದೊಂದೇ," ಎಂದರು ಮಾವ. "ಮೂವತ್ತೆಂಟು ವರ್ಷದಲ್ಲಿ ಕಣ್ಣು ಮಿಟುಕಿಸದೆ ಕೂತೋನು ಅವನೊಬ್ಬನೇ."

ಅತ್ತೆ ಜಗಳವಾಡುತ್ತಾರೆ ಎಂದುಕೊಂಡೆ. ಅವರು ಒಳಗಿಂದ ಕುರ್ಚಿ ತಂದು ಕಾರಿನ ಮುಂದೆ ಹಾಕಿಕೊಂಡು ಕೂತರು. ಆಗಾಗ ಎದ್ದು ಟವೆಲಿನಿಂದ ಗಾಜಿನ ಧೂಳು ಒರೆಸಿದರು. ನಾನು ನಾಳೆಯ ಪೆಟ್ರೋಲಿನ ಮಾತೆತ್ತಿದಾಗ, ಕಾರು ಎಲ್ಲಿಗೂ ಹೋಗುವುದಿಲ್ಲ ಎಂದರು. ನಿನ್ನೆಯವರೆಗೆ ಅದರ ಮುಖ ಯಾರಿಗೂ ತೋರಿಸುವ ಹಾಗಿರಲಿಲ್ಲ. ಇವತ್ತು ತೋರಿಸಲು ಅವರಿಗೆ ಮನಸ್ಸಿರಲಿಲ್ಲ. ಇಡೀ ದಿನ ಅವನನ್ನು ಬಿಸಿಲಲ್ಲಿ, ಗುರುತಿಲ್ಲದವರ ಕಾರುಗಳ ಮಧ್ಯೆ ನಿಲ್ಲಿಸಿ ಬರುತ್ತೀಯಾ ಎಂದು ಕೇಳಿದರು. ಅಲ್ಲಿ ನೆರಳಿದೆ ಎಂದೆ. ನೆರಳಿನ ಪ್ರಶ್ನೆಯಲ್ಲ ಎಂದರು. ಮಾವ ಆಗಲೇ ಒರೆಸಿಟ್ಟಿದ್ದ ಸ್ಕ್ರೂಡ್ರೈವರನ್ನು ಮತ್ತೆ ಒರೆಸುತ್ತಿದ್ದರು.

"ಅತ್ತೆ," ಎಂದೆ. "ನಾಳೆ ನಾನು ಹೋಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಹೋಗಲ್ಲ. ನಿಮ್ಮ ಪಕ್ಕ ಇನ್ನೊಂದು ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ."

ಅವರು ಕಾರನ್ನು ನೋಡಿದರು. ಆಮೇಲೆ ತಮ್ಮ ಕುರ್ಚಿಗೂ ಗೋಡೆಗೂ ನಡುವಿನ ಜಾಗವನ್ನು ಅಳತೆ ಮಾಡುವವರಂತೆ ನೋಡಿದರು. ಅಲ್ಲಿ ಎರಡು ಕುರ್ಚಿ ಹಿಡಿಸುತ್ತಿದ್ದವು.

"ಇಲ್ಲಿ ಜಾಗ ಇಲ್ಲ," ಎಂದರು.

ಸೋಮವಾರ ಏಳೂವರೆಗೆ ನಾನು ಕಾರು ಹತ್ತುವ ಹೊತ್ತಿಗೆ ಅತ್ತೆ ಬಂದು ಕಿಟಕಿಯ ಹತ್ತಿರ ನಿಂತರು. ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಬಾರದಂತೆ, ಶಿಕ್ಷೆ ಕೊಟ್ಟ ಹಾಗಿರುತ್ತದಂತೆ. ಹಕ್ಕಿಗಳು ಕೂರುವ ಮರದ ಕೆಳಗೂ ಬೇಡವಂತೆ. ಒಪ್ಪಿಕೊಂಡೆ.

"ಎಷ್ಟು ಹೊತ್ತಿಗೆ ಬರ್ತಾನೆ?"

"ಆರೂವರೆಗೆ."

"ಆರೂವರೆ ಅಂತಾನೇ ಹೇಳ್ತಿದ್ದ. ಎಂಟಕ್ಕೆ ಮುಂಚೆ ಯಾವತ್ತು ಬಂದಿದ್ದ?"

"ಇವತ್ತು ಓಡಿಸ್ತಿರೋದು ನಾನು," ಎಂದೆ.

ಅವರು ಕಿಟಕಿಯಿಂದ ಕೈ ತೆಗೆದು, ಗೇಟಿನಾಚೆ ಹೋದರು. ನಾನು ಕಾರನ್ನು ಮೆಲ್ಲಗೆ ಮುಂದಕ್ಕೆ ಬಿಡುತ್ತ ಗೇಟು ದಾಟಿದೆ. ಅತ್ತೆ ರಸ್ತೆಯ ಅಂಚಿನಲ್ಲಿ ನಿಂತು, ಬಂಪರಿನ ಎತ್ತರಕ್ಕೆ ಬಗ್ಗಿ ಕೈ ಬೀಸುತ್ತಿದ್ದರು. ರಸ್ತೆಗಿಳಿದು ತಿರುಗಿಸಿಕೊಂಡೆ.

ಒಳಗೆ ಕೂತವರಿಗೆ ಕಾರಿನ ಮುಖ ಕಾಣುವುದಿಲ್ಲ. ನನಗೆ ಕಂಡದ್ದು ರಸ್ತೆ. ಮೊದಲ ತಿರುವಿನಲ್ಲಿ ಎದುರಿಗೆ ಬಂದ ಲಾರಿಯವನು ನಮ್ಮನ್ನು ನೋಡಿ ನಿಂತು, ನೀವೇ ಮೊದಲು ಹೋಗಿ ಎಂದು ಕೈ ತೋರಿಸಿದ.

ಹೋದೆ.