ಲಾರ್ಡ್ ರಾಗ್ಲನ್‌ನ ಚೀಟಿ

ಮಧ್ಯಾಹ್ನ ಒಂದರಿಂದ ಮೂರರವರೆಗೆ ಕಂಪನಿಗೆ ಬಿಡುವು. ಉಳಿದವರು ಊಟಕ್ಕೆ ಹೋದರೆ ಮಾರಿಸ್ ಕ್ವಾಡ್ರಸ್ ಟೈಪ್‌ರೈಟರ್ ಬಿಟ್ಟು ಏಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವನು ಕರ್ನಲ್ ಪ್ರೆಸ್ಕಾಟನ ಪುಸ್ತಕ ಟೈಪ್ ಮಾಡುತ್ತಿದ್ದ.

ಪ್ರೆಸ್ಕಾಟ್ ಬ್ರಿಟಿಷ್ ಸೇನೆಯಿಂದ ನಿವೃತ್ತನಾದವನು. ದೋಹಾದಲ್ಲಿ ಚರಂಡಿ ಪೈಪು ಹಾಕುವ ಕಂಪನಿಗೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಬಂದು ನಾಲ್ಕು ವರ್ಷವಾಗಿತ್ತು. ಅವನ ಪುಸ್ತಕ ಬ್ರಿಟನ್ನಿನ ಹತ್ತು ಸೇನಾಪತಿಗಳ ಬಗ್ಗೆ. ಮಾರ್ಲ್‌ಬರೋ, ವೆಲಿಂಗ್ಟನ್ ಮುಗಿದು, ತೊಂಬತ್ತನಾಲ್ಕರ ಜನವರಿಯ ಹೊತ್ತಿಗೆ ಕ್ರೈಮಿಯಾ ಯುದ್ಧದ ಲಾರ್ಡ್ ರಾಗ್ಲನ್‌ನ ಸರದಿ ಬಂದಿತ್ತು. ವಾಟರ್ಲೂನಲ್ಲಿ ಬಲಗೈ ಕಳೆದುಕೊಂಡ ಮುದುಕ. ಬೆಟ್ಟದ ಮೇಲೆ ನಿಂತು ಒಂದು ಚೀಟಿ ಬರೆಯಿಸಿ ಕೆಳಗೆ ಕಳಿಸಿದ: ಕುದುರೆ ಪಡೆ ಮುಂದೆ ಹೋಗಿ ಶತ್ರು ಫಿರಂಗಿಗಳನ್ನು ಒಯ್ಯದಂತೆ ತಡೆಯಲಿ. ಯಾವ ಫಿರಂಗಿ ಅಂತ ಚೀಟಿಯಲ್ಲಿ ಇರಲಿಲ್ಲ. ಆರುನೂರು ಚಿಲ್ಲರೆ ಸವಾರರು ತಪ್ಪು ಕಣಿವೆಗೆ ನುಗ್ಗಿ ಮೂರು ಕಡೆಯಿಂದ ಗುಂಡು ತಿಂದರು. ಚೀಟಿ ತಂದ ಕ್ಯಾಪ್ಟನ್ ನೋಲನ್ ಮೊದಲಲ್ಲೇ ಸತ್ತ. ಆಮೇಲೆ ದೊಡ್ಡವರು ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿದರು, ಸಾಕಾದಾಗ ನೋಲನ್ ಮೇಲೆ ಹಾಕಿದರು.

ಇದನ್ನು ಹೇಳಿ ಬರೆಯಿಸುವಾಗ ಪ್ರೆಸ್ಕಾಟನ ಧ್ವನಿ ಏರಿತ್ತು. "ಬರೆ ಮಾರಿಸ್. ಸತ್ತವನು ಬಾಯಿ ಬಿಡುವುದಿಲ್ಲ. ತಪ್ಪು ಹೊರಿಸಲು ಅವನಷ್ಟು ಅನುಕೂಲದ ಮನುಷ್ಯ ಬೇರೆ ಇಲ್ಲ."

ಮಾರಿಸನಿಗೆ ಆ ಸಾಲು ಹಿಡಿಸಿತ್ತು. ಸಂಜೆ ಮನೆಗೆ ಹೋಗಿ ಮಗಳು ಜೋಆನ್‌ಗೆ ಹೇಳಿಯೂ ಇದ್ದ. ಹತ್ತನೇ ಕ್ಲಾಸಿನ ಜೋಆನ್ ಪುಸ್ತಕದಿಂದ ತಲೆ ಎತ್ತದೆ, "ಡ್ಯಾಡಿ, ಅದು ನಮ್ಮ ಪೋರ್ಶನ್‌ನಲ್ಲಿ ಇಲ್ಲ," ಅಂದಿದ್ದಳು.

ಫೆಬ್ರವರಿಯ ಮೊದಲ ವಾರ ದೋಹಾದಲ್ಲಿ ಎರಡು ದಿನ ಮಳೆ ಸುರಿಯಿತು. ಐನ್ ಖಾಲಿದ್ ಹತ್ತಿರ ಕಂಪನಿ ತೋಡಿಸಿದ ಆಳದ ಗುಂಡಿಯಲ್ಲಿ ನೀರು ನಿಂತಿತು. ಮೂರನೇ ದಿನ ಫೋರ್‌ಮನ್ ಅಶ್ರಫ್ ಕೆಸರಿನ ಬೂಟಿನಲ್ಲೇ ಆಫೀಸಿಗೆ ಬಂದ. ಉಳ್ಳಾಲದ ಹುಡುಗ, ಮೂವತ್ತಾಗಿರಲಿಲ್ಲ. ಅವನ ತಂದೆ ಪಕೀರಬ್ಬ ಇಂಡಸ್ಟ್ರಿಯಲ್ ಏರಿಯಾದ ಕೆಲಸಗಾರರ ಕ್ಯಾಂಪಿನಲ್ಲಿ ಹದಿನೈದು ವರ್ಷದಿಂದ ಅಡುಗೆಯವರು. ಎಲ್ಲರೂ ಕರೆಯುತ್ತಿದ್ದದ್ದು ಪಕೀರಾಕ ಅಂತ. ಊರಿನ ರೂಢಿಯಂತೆ ಕ್ರಿಶ್ಚಿಯನ್ ಮಾರಿಸನನ್ನು ತಂದೆ ಮಗ ಇಬ್ಬರೂ 'ಪೊರ್ಬುಗಳು' ಎನ್ನುತ್ತಿದ್ದರು.

"ಪೊರ್ಬುಗಳೇ, ಒಂದು ಲೆಟರ್ ಮಾಡಿ ಕೊಡಿ ಮಾರಾಯ್ರೆ. ಮಣ್ಣು ಬದಿಯಿಂದ ಬಿರುಕು ಬಿಟ್ಟಿದೆ. ಎರಡೂ ಬದಿಗೆ ಮರದ ಹಲಗೆ ಕೊಟ್ಟು ತಡೆ ನಿಲ್ಲಿಸ್ಬೇಕು. ಅಲ್ಲಿವರೆಗೆ ಜನ ಇಳಿಸ್ಲಿಕ್ಕೆ ಆಗುದಿಲ್ಲ ಅಂತ ಬರೀರಿ."

ಮಾರಿಸ್ ಟೈಪ್ ಮಾಡಿದ. ಅಶ್ರಫ್ ಸಹಿ ಹಾಕಿದ. ಪ್ರೆಸ್ಕಾಟ್ ಅದನ್ನು ಓದಿ, ಅಂಚಿನಲ್ಲಿ ಹಸಿರು ಶಾಯಿಯಿಂದ ಬರೆದ: 'ಕೆಲಸ ಮುಂದುವರಿಸಿ. ಗುರುವಾರದೊಳಗೆ ಮುಗಿಯಬೇಕು.' ಕೆಳಗೆ ಸಹಿ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಗುಂಡಿ ಕುಸಿಯಿತು. ಪೈಪಿನ ಜೋಡಣೆಗೆ ಮೊದಲು ಅಶ್ರಫ್ ತಾನೇ ಇಳಿದಿದ್ದ. ಆಮೇಲೆ ಕೈ ಸಾಲದೆ ಇಬ್ಬರನ್ನು ಕರೆದಿದ್ದ. ಮಣ್ಣು ಸರಿಸುವಷ್ಟರಲ್ಲಿ ಒಬ್ಬ ಮಾತ್ರ ಬದುಕಿದ್ದ, ಅವನ ಎರಡೂ ಕಾಲು ಮುರಿದಿತ್ತು. ಅಶ್ರಫ್ ಸತ್ತಿದ್ದ. ಅವನ ಪಕ್ಕದಲ್ಲೇ ಕಾಸರಗೋಡಿನ ಫಾಯಿಝ್ ಸತ್ತಿದ್ದ. ಫಾಯಿಝನ ಅಣ್ಣ ಅಬ್ದುಲ್ ಸಲಾಂ ಕಂಪನಿಯ ಬಸ್ ಡ್ರೈವರ್. ಅವತ್ತು ಬೆಳಿಗ್ಗೆ ತಮ್ಮನನ್ನು ಆ ಜಾಗಕ್ಕೆ ತಂದು ಬಿಟ್ಟವನು ಅವನೇ.

ಮರುದಿನ ಇಬ್ಬರನ್ನೂ ಅಬು ಹಮೂರಿನ ಖಬರಸ್ಥಾನದಲ್ಲಿ ದಫನ ಮಾಡಿದರು. ಮಾರಿಸ್ ಗೇಟಿನ ಹೊರಗೆ ನಿಂತಿದ್ದ. ಪಕೀರಬ್ಬ ಹೊರಗೆ ಬಂದಾಗ ಕೈ ಹಿಡಿದುಕೊಂಡ. "ರುಕಿಯಾಳಿಗೆ ಫೋನಲ್ಲಿ ನಾನೇ ಹೇಳಿದೆ," ಅಂದರು ಮುದುಕ. ರುಕಿಯಾ ಅಶ್ರಫ್‌ನ ಹೆಂಡತಿ. "ಅವಳು ಎಂತದೂ ಕೇಳ್ಲಿಲ್ಲ. ಫೋನು ಹಿಡ್ಕೊಂಡೇ ಇದ್ಳು."

ಶನಿವಾರ ಪ್ರೆಸ್ಕಾಟ್ ಮಾರಿಸನನ್ನು ಒಳಗೆ ಕರೆದು ಬಾಗಿಲು ಹಾಕಿದ. ಅವನು ಎರಡು ದಿನ ಗಡ್ಡ ಹೆರೆದಿರಲಿಲ್ಲ. ಪೊಲೀಸರಿಗೆ ಕೊಡುವ ವರದಿಯನ್ನು ಹೇಳತೊಡಗಿದ. ಅಪಾಯ ತಿಳಿದಿದ್ದ ಫೋರ್‌ಮನ್, ಯಾರ ಅನುಮತಿಯೂ ಇಲ್ಲದೆ, ತನ್ನಿಚ್ಛೆಯಿಂದ ಕೆಲಸಗಾರರನ್ನು ಇಳಿಸಿದ.

ಮಾರಿಸನ ಪೆನ್ಸಿಲ್ ನಿಂತಿತು. "ಸರ್, ಅಶ್ರಫ್‌ನ ಲೆಟರ್ ಫೈಲಿನಲ್ಲಿ ಉಂಟು."

"ಅದು ಇರಬೇಕಾಗಿಲ್ಲ. ಹರಿದು ಹಾಕು."

ಹೇಗೋ ಮಾರಿಸನ ಬಾಯಿಂದ ಬಂತು: "ಸರ್, ನೋಲನ್ ಬಗ್ಗೆ ನೀವೇ ಬರೆಸಿದ್ರಿ."

ಪ್ರೆಸ್ಕಾಟನ ಕುತ್ತಿಗೆ ಕೆಂಪಾಯಿತು. ಬೈಯುತ್ತಾನೆ ಎಂದುಕೊಂಡರೆ, ಅವನು ಎದ್ದು ಕಿಟಕಿಯ ಕಡೆ ತಿರುಗಿದ. "ಅದು ಇತಿಹಾಸ, ಮಾರಿಸ್. ಇದು ಆಫೀಸು. ನಿನ್ನ ಮಗಳಿಗೆ ಮಾರ್ಚ್‌ನಲ್ಲಿ ಪರೀಕ್ಷೆ ಅಲ್ಲವೇ?"

ಮಾರಿಸ್ ವರದಿ ಟೈಪ್ ಮಾಡಿದ. ಒಂದು ಅಕ್ಷರವೂ ತಪ್ಪಲಿಲ್ಲ. ಲೆಟರನ್ನು ಮಾತ್ರ ಹರಿಯದೆ, ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ಇಟ್ಟುಕೊಂಡು ದೋಹಾ ಅಲ್ ಜದೀದಾದ ಮನೆಗೆ ಬಂದ. ಹೆಂಡತಿ ಪ್ಯಾಟ್ರಿಷಿಯಾ ಅದನ್ನು ಓದಿ ಬೈಬಲ್ಲಿನೊಳಗೆ ಇಟ್ಟಳು.

"ಜೋಆನ್‌ದು ಪರೀಕ್ಷೆ ಮುಗಿಯಲಿ. ಆಮೇಲೆ ನೋಡುವಾ," ಅಂದಳು.

"ಆಮೇಲೆ ನೋಡುವಾ," ಅಂದ ಅವನೂ.

ಆದರೆ ವರದಿಯ ಮಾತು ಕ್ಯಾಂಪಿಗೆ ತಲುಪಲು ವಾರವೂ ಬೇಕಾಗಲಿಲ್ಲ. ಅಶ್ರಫ್ ತನ್ನಷ್ಟಕ್ಕೆ ತಾನೇ ಜನ ಇಳಿಸಿದನಂತೆ, ಸಾಹೇಬ ಬೇಡ ಅಂದಿದ್ದನಂತೆ. ಅಬ್ದುಲ್ ಸಲಾಂ ಮೆಸ್ಸಿಗೆ ಬರುವುದನ್ನು ಬಿಟ್ಟ. ಅವನ ರೂಮಿನವರು ಬಿಟ್ಟರು. ನಂತರ ಒಂದೊಂದೇ ರೂಮಿನವರು ಸ್ಟವ್ ತಂದು ತಮ್ಮಷ್ಟಕ್ಕೆ ಬೇಯಿಸಿಕೊಳ್ಳತೊಡಗಿದರು. ಪಕೀರಬ್ಬ ದಿನವೂ ನೂರು ಜನರ ಅನ್ನ ಇಳಿಸುತ್ತಿದ್ದರು, ದಿನವೂ ಮುಕ್ಕಾಲು ಪಾಲು ಚೆಲ್ಲುತ್ತಿದ್ದರು.

ಮಾರ್ಚ್ ಮೊದಲ ಶುಕ್ರವಾರ ಮಾರಿಸ್ ಅವರನ್ನು ನೋಡಲು ಹೋದ. ಜೋಆನ್‌ಗೆ ಇನ್ನೂ ಮೂರು ಪೇಪರ್ ಬಾಕಿ ಇತ್ತು. ಪಕೀರಬ್ಬ ಹಂಡೆಯ ಪಕ್ಕ ಸ್ಟೂಲಿನಲ್ಲಿ ಕೂತಿದ್ದರು. ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ್ದರು.

"ಪೊರ್ಬುಗಳೇ, ನೀವು ಆಫೀಸಿನವರು. ನಿಮಗೆ ಗೊತ್ತಿರ್ತದೆ. ನನ್ನ ಮಗ ಕೊಂದನಾ ಆ ಹುಡುಗನನ್ನು? ಹೌದಾದ್ರೆ ಹೌದು ಅನ್ನಿ. ನಾನು ಸಲಾಮನ ಕಾಲು ಹಿಡೀತೇನೆ."

ಮಾರಿಸ್ ಕುಳಿತುಕೊಳ್ಳಲಿಲ್ಲ. ಟ್ಯಾಕ್ಸಿ ಹಿಡಿದು ಮನೆಗೆ ಬಂದ, ಬೈಬಲ್ಲಿನಿಂದ ಕಾಗದ ತೆಗೆದ. ಪ್ಯಾಟ್ರಿಷಿಯಾ ಬಾಗಿಲಿಗೆ ಅಡ್ಡ ನಿಂತಳು. ಅವನ ಮುಖ ನೋಡಿ ಪಕ್ಕಕ್ಕೆ ಸರಿದಳು. ಜುಮಾ ನಮಾಝ್ ಮುಗಿಸಿ ಬಂದವರು ಕ್ಯಾಂಪಿನ ಅಂಗಳದಲ್ಲಿ ಸೇರಿದ್ದ ಹೊತ್ತಿಗೆ ಅವನು ಮತ್ತೆ ಅಲ್ಲಿದ್ದ. ಅಬ್ದುಲ್ ಸಲಾಮನನ್ನು ಕರೆಸಿದ. ಲೆಟರನ್ನು ಇಂಗ್ಲಿಷಿನಲ್ಲಿ ಓದಿ, ಹಿಂದಿಯಲ್ಲಿ ಹೇಳಿ, ಮಲಯಾಳದಲ್ಲೂ ಹೇಳಿದ. ಅಂಚಿನ ಹಸಿರು ಶಾಯಿಯನ್ನು ಬೆರಳಿಟ್ಟು ತೋರಿಸಿದ.

ಸಲಾಂ ಕಾಗದ ಕೈಗೆ ತೆಗೆದುಕೊಂಡು ಅಶ್ರಫ್‌ನ ಸಹಿಯನ್ನು ಬಹಳ ಹೊತ್ತು ನೋಡಿದ.

"ನೀವು ಇಷ್ಟು ದಿನ ಎಲ್ಲಿದ್ರಿ?" ಎಂದು ಕೇಳಿದ.

ಮಾರಿಸ್ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ.

"ಮಣ್ಣು ಬೀಳ್ತದೆ ಅಂತ ನಿಮ್ಮ ಮಗನಿಗೆ ಗೊತ್ತಿತ್ತು," ಅಂದ ಸಲಾಂ, ಈಗ ಪಕೀರಬ್ಬರ ಕಡೆ ತಿರುಗಿ. "ಬರೆದು ಸಹಿ ಹಾಕಿದ್ದಾನೆ. ಗೊತ್ತಿದ್ದೂ ನನ್ನ ತಮ್ಮನನ್ನು ಕರೆದ."

ಈ ಮಾತು ಬರಬಹುದೆಂದು ಮಾರಿಸ್ ಯೋಚಿಸಿರಲೇ ಇಲ್ಲ. ಸತ್ಯ ಹೇಳಿದರೆ ಸಾಕು, ಮುದುಕನ ಹೆಗಲಿನ ಭಾರ ಇಳಿಯುತ್ತದೆ ಎಂದುಕೊಂಡೇ ಬಂದಿದ್ದ.

ಪಕೀರಬ್ಬ ಮೆಲ್ಲಗೆ ಎದ್ದು ನಿಂತರು. "ಹೌದು. ಗೊತ್ತಿತ್ತು. ಬೇಡ ಅಂತ ಬರೆದ. ಮಾಡು ಅಂದ್ರು. ಮಾಡಿದ. ಮೊದಲು ಇಳಿದವನೂ ಅವನೇ, ಸಲಾಮೇ. ಆದರೆ ಕರೀಬಾರದಿತ್ತು. ನಿನ್ನ ತಮ್ಮನನ್ನು ಕರೀಬಾರದಿತ್ತು."

ಸಲಾಂ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೊರಟು ಹೋದ. ಶನಿವಾರ ಬೆಳಿಗ್ಗೆ ಅದನ್ನು ಪೊಲೀಸರಿಗೆ ಕೊಟ್ಟ.

ಪ್ರೆಸ್ಕಾಟ್ ಭಾನುವಾರ ಮಾರಿಸನನ್ನು ಕರೆದ. ಕೂಗಾಡಲಿಲ್ಲ. "ಆ ಶಾಯಿ ನನ್ನದೇ ಎಂದು ಪೊಲೀಸರಿಗೆ ಹೇಳಿದ್ದೇನೆ," ಅಂದ. "ನಿನ್ನ ವೀಸಾ ಕ್ಯಾನ್ಸಲ್ ಮಾಡಲು ಮಾಲೀಕರು ಹೇಳಿದ್ದಾರೆ. ಮಗಳ ಕೊನೆಯ ಪರೀಕ್ಷೆಯವರೆಗೆ ಸಮಯ ಕೇಳಿದ್ದೇನೆ. ನನ್ನ ಕೈಲಿ ಆದದ್ದು ಅಷ್ಟೇ." ಮೇಜಿನ ಮೇಲೆ ಪುಸ್ತಕದ ಹಾಳೆಗಳ ಕಟ್ಟು ಇತ್ತು. ಅವನು ಅದರ ಕಡೆ ನೋಡಲಿಲ್ಲ.

ವಿಚಾರಣೆ ನಡೆಯಿತು. ಅಪಘಾತಕ್ಕೆ ಮಳೆ ಕಾರಣ ಎಂದು ಬರೆದು ಮುಗಿಸಿದರು. ಅಶ್ರಫ್‌ನ ಹೆಸರೂ ಇರಲಿಲ್ಲ, ಪ್ರೆಸ್ಕಾಟನ ಹೆಸರೂ ಇರಲಿಲ್ಲ. ಅವನು ರಾಜೀನಾಮೆ ಕೊಟ್ಟು ಇಂಗ್ಲೆಂಡಿಗೆ ಹೋದ.

ತಾನು ಊರಿಗೆ ಹೊರಡುವ ಹಿಂದಿನ ದಿನ ಮಾರಿಸ್ ಕ್ಯಾಂಪಿಗೆ ಹೋದ. ಮೆಸ್ಸಿನಲ್ಲಿ ಮತ್ತೆ ಜನ ಕೂತಿದ್ದರು, ಎಲ್ಲರೂ ಅಲ್ಲ. ಸಲಾಂ ಇರಲಿಲ್ಲ, ಅವನು ಕೆಲಸ ಬಿಟ್ಟು ಊರಿಗೆ ಹೋಗಿದ್ದ, ಕ್ಯಾಂಪಿನಲ್ಲಿ ಯಾರಿಗೂ ಹೇಳದೆ. ಪಕೀರಬ್ಬ ಮಾರಿಸನಿಗೆ ಬಡಿಸಿ ಎದುರು ಕೂತರು.

"ಪಕೀರಾಕ, ನನ್ನೊಟ್ಟಿಗೆ ಬನ್ನಿ. ಕಂಪನಿಯವರೇ ಟಿಕೆಟ್ ಕೊಡ್ತಾರಂತೆ. ರುಕಿಯಾ ಒಬ್ಬಳೇ ಇದ್ದಾಳೆ."

"ಅವಳ ತವರಿನವರು ಇದ್ದಾರೆ," ಅಂದರು ಪಕೀರಬ್ಬ. "ನಾನು ಹೋದ್ರೆ ಇಲ್ಲಿ ಅವನ ಹತ್ತಿರ ಯಾರು ಹೋಗುದು? ಶುಕ್ರವಾರ ಶುಕ್ರವಾರ ಹೋಗ್ತೇನೆ. ಇಬ್ಬರ ಹತ್ತಿರವೂ ಕೂರ್ತೇನೆ. ಆ ಹುಡುಗನಿಗೂ ಈಗ ಇಲ್ಲಿ ಯಾರೂ ಇಲ್ಲ ನೋಡಿ."

ಮಾರಿಸ್ ತಟ್ಟೆಯಲ್ಲಿ ಒಂದು ಅಗುಳೂ ಉಳಿಸದೆ ತಿಂದ.