ಬೆಲ್ಲನ ಹೊಟ್ಟೆ ತಣ್ಣಗಾದ ದಿನ

ಬಾಗಿಲು ತೆಗೆದ ಕೂಡಲೇ ಇಂದುವಿನ ಮೂಗಿಗೆ ಅರಿಶಿನದ ವಾಸನೆ ಬಡಿಯಿತು, ಅದರ ಬೆನ್ನಿಗೇ ಹಸಿ ಹಾಲಿನ ವಾಸನೆ. ಹಾಲ್‌ನ ಮೂಲೆಯಲ್ಲಿ ಹಗಲೂ ರಾತ್ರಿ ಉರಿಯುತ್ತಿದ್ದ ಕೆಂಪು ಬಲ್ಬು ಆರಿತ್ತು.

ಗಾಜಿನ ಪೆಟ್ಟಿಗೆಯೊಳಗೆ ಬೆಲ್ಲ ಬಿದ್ದುಕೊಂಡಿತ್ತು. ಕಂದು ಮೈಯ ಬಾಲ್ ಪೈಥಾನ್ ಅದು, ವಿಷವಿಲ್ಲದ ಸಣ್ಣ ಹೆಬ್ಬಾವು. ಹೆಸರಿಟ್ಟವಳು ಇಂದುವೇ. ಈಗ ಅದರ ಮೈತುಂಬ ಹಾಲು, ತಲೆಯ ಮೇಲೆ ಚಿಟಿಕೆ ಕುಂಕುಮ, ಪಕ್ಕದಲ್ಲಿ ಎರಡು ಸೇವಂತಿಗೆ. ಗಾಜಿಗೆ ಅಂಟಿಸಿದ್ದ ಥರ್ಮಾಮೀಟರು ಅರವತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಎಂಬತ್ತೆಂಟು ಇರಬೇಕಿತ್ತು.

"ಅತ್ತೇ!"

ಭದ್ರಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಬಂದ್ಯಾ ಮಗ? ಕೈಕಾಲು ತೊಳ್ಕೊಂಡು ಕೈ ಮುಗಿ. ತನಿ ಎರೆದಿವ್ನಿ. ಈ ದೇಶದಾಗೆ ಹುತ್ತ ಎಲ್ಲಿ ಹುಡುಕ್ಲಪ್ಪಾ ಅಂತಿದ್ದೆ. ಮನೇಲೇ ಅವ್ನಲ್ಲ ನಾಗಪ್ಪ!"

"ಲೈಟು ಯಾರು ಆಫ್ ಮಾಡಿದ್ದು?"

"ನಾನೇ. ಪಂಚಮಿ ದಿನ ನಾವು ಒಲೆ ಮ್ಯಾಲೆ ಹೆಂಚೇ ಇಡಾಕಿಲ್ಲ, ನಾಗರ ಹೆಡೆ ಸುಡ್ತದೆ ಅಂತ. ನೀನು ನೋಡಿದ್ರೆ ಅದರ ಹೊಟ್ಟೆ ಕೆಳಗೇ ಬೆಂಕಿ ಇಟ್ಟಿದ್ದೀಯ. ನೀನು ಅತ್ಲಾಗೆ ಹೋದೆ, ನಾನು ಇತ್ಲಾಗೆ ಎಲ್ಲಾ ವೈರೂ ಕಿತ್ತಾಕ್ದೆ. ನಿನ್ನ ಹೊಟ್ಟೆ ತಣ್ಣಗಿರಲಪ್ಪಾ ಅಂತ ಬಾಯ್ತುಂಬ ಹರಸ್ದೆ."

ಇಂದು ಬ್ಯಾಗು ಹೆಗಲ ಮೇಲಿದ್ದಂತೆಯೇ ಪೆಟ್ಟಿಗೆಯ ಮುಂದೆ ಕೂತಳು. ಬೆಲ್ಲ ಮೊನ್ನೆ ತಾನೇ ಒಂದು ಇಲಿ ನುಂಗಿತ್ತು. ಹಾವಿಗೆ ತನ್ನದೇ ಬಿಸಿ ಇರುವುದಿಲ್ಲ. ಹೊರಗಿನ ಶಾಖ ಸಿಕ್ಕರಷ್ಟೇ ಅದರ ಹೊಟ್ಟೆ ಕೆಲಸ ಮಾಡುವುದು. ಹೊಟ್ಟೆ ತಣ್ಣಗಾದರೆ ಇಲಿ ಅರಗುವುದಿಲ್ಲ, ಒಳಗೇ ಕೊಳೆಯುತ್ತದೆ. ಕೊಳೆತರೆ ಹಾವು ಸಾಯುತ್ತದೆ.

ಅದು ಅವಳ ಹಾವೂ ಅಲ್ಲ. ಅವಳು ಓದುತ್ತಿದ್ದ ಯೂನಿವರ್ಸಿಟಿಯ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ರಿಪೇರಿ ನಡೆಯುತ್ತಿದ್ದುದರಿಂದ, ೧೯೮೬ರ ಆ ಬೇಸಿಗೆಯಲ್ಲಿ ಪ್ರೊಫೆಸರು ನಂಬಿ ಇವಳ ಕೈಗೆ ಕೊಟ್ಟಿದ್ದರು. ಅವರಿದ್ದ ಕಡಲಂಚಿನ ಡೇಲಿ ಸಿಟಿಯ ಬೇಸಿಗೆ ಎಂದರೆ ಹೀಗೆ: ಒಳನಾಡಿನ ಸಾಂಟಾ ಕ್ಲಾರಾದಲ್ಲಿ ಜನ ಬೆವರು ಒರೆಸಿಕೊಳ್ಳುವಾಗ ಇಲ್ಲಿ ಸಮುದ್ರದ ಮಂಜು ಕಿಟಕಿಗೆ ಮೂಗು ಒತ್ತಿಕೊಂಡು ನಿಂತಿರುತ್ತದೆ.

ಇಂದು ದಡಬಡಿಸಿ ಎದ್ದು ಪ್ಲಗ್ಗು ಚುಚ್ಚಿದಳು. ಚಟ್ ಎಂದು ಕಿಡಿ ಹಾರಿತು. ಫ್ರಿಜ್ಜಿನ ಗುರ್ ಸದ್ದು ನಿಂತಿತು. ಹಾಲು ಪೆಟ್ಟಿಗೆಯಿಂದ ಸೋರಿ ಕೆಳಗಿನ ಹೀಟಿಂಗ್ ಪ್ಯಾಡಿಗೂ, ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟಿಗೂ ಇಳಿದಿತ್ತು. ಅಪಾರ್ಟ್‌ಮೆಂಟಿನ ಕರೆಂಟೇ ಹೋಯಿತು. ಕರೆಂಟು ಮತ್ತೆ ಹಾಕುವ ಬ್ರೇಕರ್ ಇರುವುದು ಕೆಳಗಿನ ಗರಾಜಿನಲ್ಲಿ. ಅದರ ಕೀಲಿ ಇರುವುದು ಮನೆ ಮಾಲೀಕನ ಜೇಬಿನಲ್ಲಿ. ಅವನು ಬರುವುದು ಏಳಕ್ಕೆ. ಈಗ ಮೂರೂವರೆ.

ಫೋನು ಮಾತ್ರ ಜೀವಂತವಾಗಿತ್ತು. ಸಾಂಟಾ ಕ್ಲಾರಾದ ಆಫೀಸಿನಲ್ಲಿದ್ದ ಗಂಡ ರಘೋತ್ತಮನಿಗೆ ಮಾಡಿದಳು.

"ಈಗ ಹೊರಟ್ರೂ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಕಣೆ. ಅಲ್ಲಿವರೆಗೆ ನಿನ್ನ ಬೆಲ್ಲಂಗೆ ಒಂದು ಸ್ವೆಟರ್ ಹಾಕು."

"ಜೋಕ್ ಮಾಡ್ಬೇಡ ರಘು. ಅದು ಸಾಯ್ತಿದೆ."

ಆ ಕಡೆ ಕುರ್ಚಿ ಸರಿದ ಸದ್ದು. "ಹೊರಟೆ," ಎಂದ.

ಆಮೇಲೆ ಪಶುವೈದ್ಯರಿಗೆ, ಅಂದರೆ ವೆಟ್‌ಗೆ, ಫೋನು. ಆತ ಅವಸರವಿಲ್ಲದ ದನಿಯಲ್ಲಿ ಹೇಳಿದ್ದನ್ನು ಇಂದು ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚಿಕೊಳ್ಳುತ್ತ ಅತ್ತೆಗೂ ಓದಿ ಹೇಳಿದಳು. ಮೊದಲು ಒರೆಸಿ ಒಣಗಿಸು. ಒಮ್ಮೆಗೇ ಕಾಯಿಸಬೇಡ, ಗಂಟೆಗೆ ಹತ್ತು ಡಿಗ್ರಿ ಸಾಕು. ತೊಂಬತ್ತು ದಾಟಿಸಬೇಡ. ತನ್ನ ಚರ್ಮ ಸುಡುತ್ತಿದ್ದರೂ ಎಷ್ಟೋ ಸಲ ಹಾವು ಅಲ್ಲೇ ಮಲಗಿರುತ್ತದೆ.

"ಬದುಕುತ್ತಾ ಡಾಕ್ಟರ್?"

"ಹೇಳೋಕಾಗಲ್ಲ," ಎಂದಿತು ಫೋನು.

ಟವೆಲಿನಲ್ಲಿ ಎತ್ತಿಕೊಂಡಾಗ ಬೆಲ್ಲ ಒದ್ದೆ ಹಗ್ಗದ ಹಾಗೆ ಜೋತುಬಿತ್ತು. ದಿನವೂ ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ ಹಾವು. ಹೊಟ್ಟೆಯ ನಡುವೆ ಇಲಿಯ ಉಬ್ಬು ಹಾಗೇ ಇತ್ತು. ಇಂದು ಮುಟ್ಟಿ ನೋಡಿ ಕೈ ಹಿಂದಕ್ಕೆಳೆದಳು.

"ನೀವು ತಣ್ಣಗಿರಲಿ ಅಂದ್ರಲ್ಲ ಅತ್ತೆ," ಎಂದಳು. "ತಣ್ಣಗಾಗ್ಬಿಟ್ಟಿದೆ. ಇದಕ್ಕೆ ತಣ್ಣಗೆ ಅಂದ್ರೆ ಸಾವು."

ಭದ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಹಾಸನದ ಸೀಮೆಯಿಂದ ಬಂದು ತಿಂಗಳಾಗಿತ್ತಷ್ಟೆ. ಅರವತ್ತು ವರ್ಷದ ಬಾಳಿನಲ್ಲಿ ಅವರು ಎಷ್ಟು ಮಕ್ಕಳಿಗೆ, ಎಷ್ಟು ಬಸುರಿಯರಿಗೆ ಅದೇ ಮಾತು ಹೇಳಿ ಹರಸಿದ್ದರೋ. "ನಂಗೇನವ್ವ ಗೊತ್ತು," ಎಂದರು ಸಣ್ಣ ದನಿಯಲ್ಲಿ. "ಪಂಚಮಿ ದಿನವೇ ನಾಗನ್ನ ಕೊಂದ್ನಾ ನಾನು?"

ಇಂದು ಗ್ಯಾಸ್ ಒಲೆಗೆ ಕಡ್ಡಿ ಗೀರಿ ದೋಸೆ ಹೆಂಚು ಇಟ್ಟಳು. ಕಾದ ಹೆಂಚನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಕೆಳಗೆ ಇಡುವುದು ಅವಳ ಲೆಕ್ಕ.

"ಬ್ಯಾಡ!" ಭದ್ರಮ್ಮ ಅಡ್ಡ ಬಂದರು.

"ಈಗಲೂ ಶಾಸ್ತ್ರಾನಾ ಅತ್ತೆ? ಬಿಡಿ ಕೈಯ!"

"ಶಾಸ್ತ್ರ ಸುಡ್ಲಿ. ಡಾಕ್ಟ್ರು ನಿಧಾನಕ್ಕೆ ಅಂದ ಅಂತ ನೀನೇ ಅಂದೆ. ಹೆಂಚು ನಿಧಾನ ಅಂದ್ರೆ ಕೇಳ್ತದಾ? ಸುಡ್ತದೆ, ಇಲ್ಲ ಆರ್ತದೆ. ನೀರು ಹಂಗಲ್ಲ. ಹೆಂಗ್ ಬೇಕೋ ಹಂಗೆ ಬೆರೆಸಬೈದು. ಬಾಣಂತಿ ನೀರು ಹದ ಮಾಡಿದ ಕೈ ಇದು, ಸರಿ ಅತ್ಲಾಗೆ."

ಹೆಂಚು ಇಳಿಯಿತು. ದೊಡ್ಡ ಪಾತ್ರೆಯಲ್ಲಿ ನೀರು ಏರಿತು. ಸ್ಪ್ಯಾಗೆಟಿ ಸಾಸಿನ ಖಾಲಿ ಬಾಟಲಿಗಳನ್ನೆಲ್ಲ ತೊಳೆದು ಕೂಡಿಡುತ್ತಿದ್ದ ಅತ್ತೆಯನ್ನು ನೋಡಿ ಇಂದು ಎಷ್ಟೋ ಸಲ ನಕ್ಕಿದ್ದಳು. ಈಗ ಅವನ್ನೇ ತುಂಬಿ, ಸಾಕ್ಸಿನಲ್ಲಿ ಸುತ್ತಿ, ಒಣಗಿಸಿದ ಪೆಟ್ಟಿಗೆಯ ಸುತ್ತ ಸಾಲಾಗಿ ನಿಲ್ಲಿಸಿದರು. ಮೇಲೆ ಕಂಬಳಿ. ಭದ್ರಮ್ಮ ಮೊಣಕೈ ಅದ್ದಿ ನೀರು ಹದ ಮಾಡುತ್ತಾರೆ, ಇಂದು ಥರ್ಮಾಮೀಟರು ಓದುತ್ತಾಳೆ.

ಅರವತ್ತನಾಲ್ಕು. ಅರವತ್ತೆಂಟು. ಮತ್ತೆ ಅರವತ್ತೇಳು.

"ಇಳೀತು ಅತ್ತೆ, ಇಳೀತು!"

"ಬಂದೆ ತಡಿ, ಬಡ್ಕೋಬ್ಯಾಡ."

ಐದು ಗಂಟೆಗೆ ರಘೋತ್ತಮ ಬಂದ. ಬೂಟು ಬಿಚ್ಚದೆ ಅಮ್ಮನ ಕೈಯಿಂದ ಪಾತ್ರೆ ಇಸಿದುಕೊಂಡು ಬಾಟಲಿ ಬದಲಿಸಲು ನಿಂತ. ಯಾರೂ ಜೋಕು ಮಾಡಲಿಲ್ಲ. ಎಪ್ಪತ್ತಾರು. ಎಪ್ಪತ್ತೊಂಬತ್ತು. ಬೆಲ್ಲ ಅಲುಗಲಿಲ್ಲ. ಕಂಬಳಿಯೊಳಗೆ ತಲೆ ತೂರಿಸಿ ಕೂತಿದ್ದ ಇಂದು, ಉಸಿರಾಡು ಮಾರಾಯ, ಒಂದ್ಸಲ ಉಸಿರಾಡು ಎಂದು ಗೊಣಗುತ್ತಲೇ ಇದ್ದಳು.

ಎಂಬತ್ತೆರಡಕ್ಕೆ ಹಾವಿನ ಕುತ್ತಿಗೆ ಸೆಟೆಯಿತು. ಮೈಯಲ್ಲಿ ಒಂದು ಅಲೆ ಎದ್ದು, ಬಾಲದ ಕಡೆಯಿಂದ ತಲೆಯ ಕಡೆಗೆ ಹೊರಟಿತು. ಬಾಯಿ ಅಗಲವಾಗಿ ತೆರೆಯಿತು. ಬೂದು ಬಣ್ಣದ, ಅರ್ಧ ಕರಗಿದ ಇಲಿ ಹೊರಬಿತ್ತು. ಜೊತೆಗೆ ಕೊಳೆತ ನಾತ. ಅದಾದ ಮೇಲೆ ಬೆಲ್ಲ ತಲೆ ಕೆಳಗಿಟ್ಟಿತು.

"ಹೋಯ್ತಾ?" ಎಂದರು ಭದ್ರಮ್ಮ.

ರಘೋತ್ತಮ ಆಗಲೇ ಫೋನು ತಿರುಗಿಸುತ್ತಿದ್ದ. ವೆಟ್ ಹೇಳಿದ್ದನ್ನು ಅಲ್ಲಿಂದಲೇ ಕೂಗಿದ: "ಹೊರಗೆ ಬಂದಿದ್ದೇ ಒಳ್ಳೇದಂತೆ. ಒಳಗಿದ್ರೆ ಉಳೀತಿರಲಿಲ್ವಂತೆ. ಅದನ್ನ ಬೇಗ ತೆಗಿಬೇಕಂತೆ. ಇನ್ನು ಎರಡು ವಾರ ಊಟ ಬೇಡ, ಬಿಸಿ ಮಾತ್ರ ತಪ್ಪಿಸಬಾರದಂತೆ."

ಇಂದು ಎರಡೂ ಕೈಯಿಂದ ಬಿಸಿ ಬಾಟಲಿಗಳನ್ನು ಪೆಟ್ಟಿಗೆಗೆ ಒತ್ತಿ ಹಿಡಿದಿದ್ದಳು. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದ ಭದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೇಪರು ಮಡಿಚಿ, ಪೆಟ್ಟಿಗೆಯೊಳಗೆ ಕೈ ಇಟ್ಟರು. ಉಸಿರು ಬಿಗಿಹಿಡಿದು ಇಲಿಯನ್ನು ಬಾಚಿ ಸುತ್ತಿಕೊಂಡರು. ಅವರ ಮಣಿಕಟ್ಟಿನ ಪಕ್ಕದಲ್ಲೇ ಹಾವಿನ ತಲೆ.

ಸಣ್ಣ ಕಪ್ಪು ನಾಲಿಗೆಯೊಂದು ಹೊರಬಂದು ಅವರ ಬಳೆಯನ್ನು ಸವರಿ ಒಳಗೆ ಹೋಯಿತು.

"ಅತ್ತೆ, ಅಲುಗಾಡ್ಬೇಡಿ," ಎಂದಳು ಇಂದು.

ಭದ್ರಮ್ಮ ಅಲುಗಾಡಲಿಲ್ಲ. ಕಣ್ಣು ಮುಚ್ಚಿಕೊಂಡು, ನಾತದ ಪೊಟ್ಟಣವನ್ನು ಹಾಗೇ ಹಿಡಿದು ನಿಂತರು. ನಾಲಿಗೆ ಮತ್ತೆ ಬಂತು.