ಭಾವನ ಅಳತೆಗೋಲು

ಥೂ, ಹೇಳುವುದಕ್ಕೂ ಹೇಸಿಗೆ. ಭಾವ, ಎಂದರೆ ನಮ್ಮಕ್ಕನ ಗಂಡ, ನಮ್ಮ ಖಗೋಳ ವಿಭಾಗದ ಮುಖ್ಯಸ್ಥರು. ಅವರ ಹೊಸ ಪ್ರಬಂಧದಲ್ಲಿ ಅವರ ಹೆಸರಿನ ಪಕ್ಕದಲ್ಲೇ ನನ್ನದು. ಅದು ಅಚ್ಚಾದರೆ ನನ್ನ ಕೆಲಸ ಕಾಯಂ. ಸುಳ್ಳಿಗೆ ಹೆಸರು ಕೊಡುವುದೋ ಬೇಡವೋ, ನನ್ನ ಪಾಲಿಗೆ ಉಳಿದಿದ್ದ ಪ್ರಶ್ನೆ ಅದೊಂದೇ.

ನಮ್ಮ ಕೆಲಸ ಗಾಮಾ ಸ್ಫೋಟಗಳದ್ದು. ಎಲ್ಲೋ ಬಹುದೂರದಲ್ಲಿ ದೊಡ್ಡ ನಕ್ಷತ್ರವೊಂದು ಸಾಯುತ್ತದೆ, ಕೆಲವು ಕ್ಷಣ ಗಾಮಾ ಕಿರಣ ಚಿಮ್ಮುತ್ತದೆ. ಆ ಕಿರಣಗಳ ಗುಣ ನೋಡಿ ಅದರ ನಿಜವಾದ ಪ್ರಖರತೆ ಅಂದಾಜು ಮಾಡುತ್ತೇವೆ. ನಮಗೆ ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರ ಸಿಗುತ್ತದೆ. ಇಂಥ ದೂರಗಳು ಸಾಕಷ್ಟು ಸೇರಿದರೆ, ವಿಶ್ವವನ್ನು ಹೆಚ್ಚು ಹೆಚ್ಚು ವೇಗವಾಗಿ ಹಿಗ್ಗಿಸುತ್ತಿರುವ ಡಾರ್ಕ್ ಎನರ್ಜಿ ಮೊದಲಿನಿಂದ ಹೀಗೇ ಇತ್ತೋ, ಬದಲಾಗಿದೆಯೋ ಹೇಳಬಹುದು. ಆದರೆ ಮೊದಲು ಅಳತೆಗೋಲಿಗೆ ಗೆರೆ ಹಾಕಬೇಕಲ್ಲ? ಅದನ್ನು ಬೇರೆ ದಾರಿಯಿಂದ ದೂರ ಗೊತ್ತಿರುವ ಸ್ಫೋಟಗಳಿಂದ ಹಾಕಬೇಕು. ಭಾವ ಹಾಕಿದ್ದು, ಡಾರ್ಕ್ ಎನರ್ಜಿ ಬದಲಾಗಿಲ್ಲ ಎಂದು ಮೊದಲೇ ಒಪ್ಪಿಕೊಂಡು ಲೆಕ್ಕ ಕಟ್ಟಿದ ದೂರಗಳಿಂದ. ಆಮೇಲೆ ಅದೇ ಕೋಲಿನಿಂದ ಅಳೆದು, ಅದು ಬದಲಾಗಿಲ್ಲ ಎಂದು ಕಂಡುಹಿಡಿದರು! ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ.

ನಾನು ಹತ್ತಿರದ ಸೂಪರ್‌ನೋವಾಗಳ, ಎಂದರೆ ಬೇರೆ ದಾರಿಯಿಂದ ದೂರ ಗೊತ್ತಿರುವ ನಕ್ಷತ್ರಸ್ಫೋಟಗಳ, ದೂರ ಬಳಸಿ ಎಲ್ಲವನ್ನೂ ಮತ್ತೆ ಮಾಡಿದೆ. ತಪ್ಪಿನ ವ್ಯಾಪ್ತಿ ಎಷ್ಟು ಅಗಲವಾಯಿತೆಂದರೆ, ಬದಲಾಗಿದೆ ಎನ್ನುವಂತೆಯೂ ಇಲ್ಲ, ಬದಲಾಗಿಲ್ಲ ಎನ್ನುವಂತೆಯೂ ಇಲ್ಲ. ಆ ಫಲಿತಾಂಶದ ನಕ್ಷೆಯನ್ನು ಭಾವನ ಮೇಜಿನ ಮೇಲಿಟ್ಟೆ. ಅವರು ಅದ್ದಿದ ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು. ಬೆರಳು ಹಾಕಿ ತೆಗೆದು ತಿಂದು, ಅದೇ ಬೆರಳನ್ನು ನನ್ನ ನಕ್ಷೆಗೆ ಒರೆಸಿದರು.

"ಏನೂ ಹೇಳಕ್ಕಾಗಲ್ಲ ಅಂತ ಹೇಳೋದಕ್ಕೆ ಯಾರಮ್ಮ ಪ್ರಬಂಧ ಬರೀತಾರೆ?" ಎಂದರು.

ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ ವಿಭಾಗದ ಉಳಿದವರಿಗೇನಾಗಿತ್ತು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಎಲ್ಲರಿಗೂ ಗೊತ್ತು, ಎಲ್ಲರೂ ತಿಪ್ಪೆ ಸಾರಿಸಿದರು. ಅಕ್ಕ ಫೋನ್ ಮಾಡಿ, ಮನೆಯವರೇ ಅಲ್ಲವೇ, ಹೊಂದಿಕೊಂಡು ಹೋಗು ಎಂದು ಗೋಗರೆದಳು.

ಮರುದಿನ ಭಾವನ ಎದುರು ನಿಂತೆ. "ನನ್ನ ಹೆಸರು ತೆಗೆದುಬಿಡಿ."

"ಕೆಲಸ ಕಾಯಂ ಆಗಲ್ಲ, ಗೊತ್ತಿದೆ ತಾನೆ?"

"ಆಗದಿದ್ರೆ ಬೇಡ."

ಅವರು ಸಿಟ್ಟಾಗಲಿಲ್ಲ. ಆಯ್ತಮ್ಮ, ನಿನ್ನಿಷ್ಟ ಎಂದು ನಕ್ಕರು. ಕೆಲಸ ಹೋಯಿತು. ಹೋಗಲಿ, ಕೈಯಾದರೂ ಕೊಳೆಯಾಗಲಿಲ್ಲ ಎಂದುಕೊಂಡೆ.

ಪ್ರಬಂಧ ಅಚ್ಚಾಯಿತು. ಬರೆದವರ ಸಾಲಿನಲ್ಲಿ ನಾನಿರಲಿಲ್ಲ. ನಿರಾಳವಾಗಿ ಕೊನೆಯ ಪುಟಕ್ಕೆ ಬಂದೆ. ಅಲ್ಲಿ ಕೃತಜ್ಞತೆ: ಅಳತೆಗೋಲನ್ನು ಸ್ವತಂತ್ರವಾಗಿ ಪರೀಕ್ಷಿಸಿ, ಸರಿಯಿದೆಯೆಂದು ಖಚಿತಪಡಿಸಿದ್ದಕ್ಕಾಗಿ ಒಬ್ಬರಿಗೇ ವಿಶೇಷ ವಂದನೆ. ನನ್ನ ಪೂರ್ತಿ ಹೆಸರು.

ಅಷ್ಟರಲ್ಲಿ ಅಕ್ಕನ ಫೋನ್ ಬಂತು.

"ನೋಡಿದ್ಯಾ, ನೀನು ಅಷ್ಟೆಲ್ಲಾ ಅಂದ್ರೂ ಅವರು ನಿನ್ನ ಬಿಟ್ಟುಕೊಡಲಿಲ್ಲ."